ಬೋಂಡ ಅಂದರೆ ಓಡಿ ಬರುವ ನಾಯಿ

ಇದು ಮೈಸೂರಿನ ಪ್ರಕರಣ. ಮನೆಯವರ ಹೆಸರು ಬೇಡ, ರಾಯರು ಅನ್ನೋಣ. ನಾಯಿಯ ಹೆಸರನ್ನೂ ಬದಲಾಯಿಸಿ ಚಿಂಟು ಎಂದು ಬರೆಯುತ್ತಿದ್ದೇನೆ. ಅದರ ನಿಜವಾದ ಹೆಸರನ್ನು ರಾಯರು ದಿನಾ ಬೆಳಿಗ್ಗೆ ಮೈದಾನದಲ್ಲಿ ನಿಂತು ಎಷ್ಟು ಸಲ ಕೂಗಿದ್ದಾರೆಂದರೆ, ಹೆಸರು ಬರೆದರೆ ಯಾರ ಮನೆಯ ಕಥೆ ಅಂತ ಇಡೀ ಬಡಾವಣೆಗೆ ಗೊತ್ತಾಗಿಬಿಡುತ್ತದೆ.

ರಾಯರಿಗೆ 62 ವರ್ಷ. ಬ್ಯಾಂಕಿನಿಂದ ನಿವೃತ್ತರು. ಮಂಡಿ ನೋವು ಇದೆ. ಚಿಂಟು 9 ತಿಂಗಳ ಗಂಡು, ನಮ್ಮ ಊರ ನಾಯಿ ಜಾತಿ. ಮಳೆಯಲ್ಲಿ ನೆನೆದು ಕಾರಿನ ಕೆಳಗೆ ಕೂತಿದ್ದ ಮರಿಯನ್ನು ಮಗಳು ಎತ್ತಿಕೊಂಡು ಬಂದಳು. ಮಗಳು ಕೆಲಸಕ್ಕೆ ಪುಣೆಗೆ ಹೋದಳು, ನಾಯಿ ಅಪ್ಪನ ಪಾಲಿಗೆ ಉಳಿಯಿತು. ದಿನಾ ಬೆಳಿಗ್ಗೆ ಐದೂ ಮುಕ್ಕಾಲಿಗೆ ಹತ್ತಿರದ ಮೈದಾನಕ್ಕೆ ಕರೆದುಕೊಂಡು ಹೋಗಿ ಬಿಡುತ್ತಾರೆ. ಹಗ್ಗ ಹಿಡಿದರೆ ಚಿಂಟು ಎಳೆಯುತ್ತದೆ, ಮಂಡಿ ತಾಳುವುದಿಲ್ಲ. ಬಿಟ್ಟರೆ ಅದು ಬೇರೆ ನಾಯಿಗಳ ಜೊತೆ ಓಡಾಡಿಕೊಂಡಿರುತ್ತದೆ, ರಾಯರು ಕಟ್ಟೆ ಮೇಲೆ ಕೂತು ನಾಲ್ಕು ಜನರ ಹತ್ತಿರ ಮಾತಾಡುತ್ತಾರೆ. ಆರೂವರೆಗೆ ಮನೆ ಸೇರಬೇಕು. ಹೆಂಡತಿ ಟೀಚರ್, ಏಳಕ್ಕೆ ಬಸ್ ಸ್ಟಾಪಿಗೆ ಬಿಡಬೇಕು.

"ಮೇಡಂ, ಬಿಡೋಕೆ ಒಂದು ಸೆಕೆಂಡು, ಹಿಡಿಯೋಕೆ ಮುಕ್ಕಾಲು ಗಂಟೆ" ಅಂದರು ಮೊದಲ ದಿನ.

ಇಂಥ ದೂರು ಬಂದಾಗ ನಾನು ಮೊದಲು ಡಾಕ್ಟರ್ ಹತ್ತಿರ ಕಳಿಸುತ್ತೇನೆ. ಕತ್ತು ನೋಯುತ್ತಿದ್ದರೆ, ಕಿವಿಯಲ್ಲಿ ಹುಣ್ಣು ಇದ್ದರೆ ಯಾವ ನಾಯಿ ತಾನೇ ಕೊರಳಿನ ಬೆಲ್ಟ್ ಮುಟ್ಟಲು ಬಿಡುತ್ತದೆ? ಚಿಂಟುಗೆ ಕಿವಿಯ ಒಳಗೆ ಎರಡು ಉಣ್ಣಿ ಸಿಕ್ಕವು, ತೆಗೆಸಿದರು. ಬೇರೇನೂ ಇರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ನಾನೇ ಮೈದಾನಕ್ಕೆ ಹೋದೆ.

ಆರು ಇಪ್ಪತ್ತಾಗಿತ್ತು. ರಾಯರ ಫೋನ್ ಒಂದು ಸಲ ಹೊಡೆದುಕೊಂಡು ನಿಂತಿತು. ಅವರು ಎದ್ದು ಜೇಬಿನಿಂದ ಹಗ್ಗ ತೆಗೆದರು. ಅದರ ತುದಿಯ ಕೊಕ್ಕೆ ಕಿಣ್ ಎಂದಿತು. ನಲವತ್ತು ಅಡಿ ದೂರದಲ್ಲಿ ಮಣ್ಣು ಕೆರೆಯುತ್ತಿದ್ದ ಚಿಂಟು ತಲೆ ಎತ್ತಿತು. "ಬಾ ಬಾ ಬಾ, ಬಾರೋ" ಅಂದರು ರಾಯರು. ಬಂತು. ಬಾಲ ಅಲ್ಲಾಡಿಸಿಕೊಂಡೇ ಬಂತು. ಸರಿಯಾಗಿ ಒಂದು ಮಾರು ದೂರದಲ್ಲಿ ನಿಂತು, ಮುಂಗಾಲು ನೆಲಕ್ಕೆ ಚಾಚಿ ಹಿಂಭಾಗ ಮೇಲಕ್ಕೆತ್ತಿತು. ಅದು ನಾಯಿಗಳ ಭಾಷೆಯಲ್ಲಿ "ಬಾ, ಆಡೋಣ" ಅನ್ನುವ ಮಾತು. ರಾಯರು ಬಗ್ಗಿ ಕೈ ಚಾಚಿದರು. ಅದು ಚಂಗನೆ ಪಕ್ಕಕ್ಕೆ ಹಾರಿತು. ಇವರು ಹಿಂದೆ ಓಡಿದರು, ಅದಕ್ಕೆ ಇನ್ನೂ ಖುಷಿ. ನನಗೂ ನಗು ಬಂತು, ತಡೆದುಕೊಂಡೆ.

ಆಮೇಲೆ ನಡೆದದ್ದೇ ರಾಯರಿಗೆ ನಿಜವಾಗಿ ನೋವು ತಂದ ವಿಷಯ. ದಿನಾ ವಾಕಿಂಗ್ ಬರುವ ಒಬ್ಬರು ಸುಮ್ನೆ ಕುಕ್ಕರಗಾಲಲ್ಲಿ ಕೂತು ತೊಡೆ ತಟ್ಟಿದರು. ಚಿಂಟು ನೇರವಾಗಿ ಹೋಗಿ ಅವರ ಮಂಡಿಗೆ ತಲೆ ಒತ್ತಿ ನಿಂತಿತು. ಅವರು ಬೆಲ್ಟ್ ಹಿಡಿದು "ತಗೊಳ್ಳಿ ಸಾರ್, ನಿಮ್ಮ ನಾಯಿ" ಅಂದರು.

"ಅನ್ನ ಹಾಕೋದು ನಾನು. ರಾತ್ರಿ ಪಟಾಕಿ ಸದ್ದಾದರೆ ಪಕ್ಕದಲ್ಲಿ ಕೂರೋದು ನಾನು. ಈ ನಾಯಿ ಅವರ ಹತ್ರ ಹೋಗುತ್ತೆ" ಎಂದರು ದಾರಿಯಲ್ಲಿ. ಒಂದು ವಿಷಯ ಗಮನಿಸಿದೆ. ಮನಸ್ಸು ಚೆನ್ನಾಗಿದ್ದಾಗ ರಾಯರು ಚಿಂಟುವನ್ನು "ಅವನು" ಅನ್ನುತ್ತಾರೆ. ಸಿಟ್ಟು ಬಂದಾಗ ಅದು "ಈ ನಾಯಿ".

ಅವರಿಗೆ ಒಂದು ಸಮಾಧಾನದ ಮಾತು ಹೇಳಲು ಸಾಧ್ಯವಿತ್ತು. 2020ರಲ್ಲಿ ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಲೂಸಿ ಆಶರ್ ಮತ್ತು ಜೊತೆಯವರು ಒಂದು ಅಧ್ಯಯನ ಪ್ರಕಟಿಸಿದರು. ಅಂಧರಿಗೆ ದಾರಿ ತೋರಿಸಲೆಂದು ಸಾಕುತ್ತಿದ್ದ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್ ಮರಿಗಳಿಗೆ 5 ತಿಂಗಳಲ್ಲಿ ಒಮ್ಮೆ, 8 ತಿಂಗಳಲ್ಲಿ ಒಮ್ಮೆ "ಕೂತ್ಕೋ" ಎಂದು ಹೇಳಿಸಿ ನೋಡಿದರು. 8 ತಿಂಗಳ ಹೊತ್ತಿಗೆ ಅವು ಸಾಕಿದವರ ಮಾತು ಕೇಳುವುದು ಕಡಿಮೆಯಾಗಿತ್ತು. ಅಪರಿಚಿತರು ಹೇಳಿದರೆ ಹಾಗೆ ಕಡಿಮೆಯಾಗಿರಲಿಲ್ಲ. ನಮ್ಮ ಮನೆಯ ಹದಿಹರೆಯದ ಮಕ್ಕಳು ಪಕ್ಕದ ಮನೆ ಆಂಟಿ ಹೇಳಿದರೆ ತಟ್ಟೆ ತೊಳೆದಿಡುತ್ತಾರಲ್ಲ, ಹಾಗೆ. ರಾಯರು ಇದನ್ನು ಎರಡು ಸಲ ಹೇಳಿಸಿಕೊಂಡರು. "ಹಾಗಾದ್ರೆ ನನ್ನ ಮೇಲೆ ದ್ವೇಷ ಅಲ್ವಾ?" ಅಲ್ಲ ಸಾರ್, ವಯಸ್ಸು.

ಆದರೆ ವಯಸ್ಸಿನ ಮೇಲೆ ಎಲ್ಲವನ್ನೂ ಹಾಕಿ ಕೈ ತೊಳೆದುಕೊಳ್ಳಲು ಆಗುವುದಿಲ್ಲ. ನಾನು ಅವರನ್ನು ಒಂದೇ ಪ್ರಶ್ನೆ ಕೇಳಿದೆ. ಮೈದಾನದಲ್ಲಿ ದಿನಕ್ಕೆ ಎಷ್ಟು ಸಲ ಹಗ್ಗ ಹಾಕುತ್ತೀರಿ? ಒಂದು ಸಲ. ಹಾಕಿದ ಮೇಲೆ? ಮನೆ. ಮನೆಗೆ ಹೋದ ಮೇಲೆ? ರಾಯರು ಹೆಂಡತಿಯನ್ನು ಬಿಟ್ಟು, ತರಕಾರಿ ತಂದು, ಸ್ನಾನ ಪೂಜೆ ಮುಗಿಸುವವರೆಗೆ ಚಿಂಟು ಬಾಲ್ಕನಿಯಲ್ಲಿ ಒಂಟಿ. ಅಂದರೆ ಕೊಕ್ಕೆಯ ಕಿಣ್ ಸದ್ದಿಗೆ ಅದರ ಲೆಕ್ಕದಲ್ಲಿ ಒಂದೇ ಅರ್ಥ: ಆಟ ಮುಗೀತು, ಬಾಲ್ಕನಿ ಬಂತು. ತಪ್ಪಿಸಿಕೊಂಡರೆ ಇನ್ನೊಂದು ಆಟ ಉಚಿತ, ಅದೂ ಯಜಮಾನರ ಜೊತೆಗೇ. ಆ ಜಾಗದಲ್ಲಿ ನಾನಿದ್ದರೂ ಓಡುತ್ತಿದ್ದೆ.

ಎರಡನೇ ಭೇಟಿಯಲ್ಲಿ ರಾಯರು ತಾವಾಗಿಯೇ ಇನ್ನೊಂದು ಮಾತು ಹೇಳಿದರು. ಒಂದು ದಿನ ತುಂಬಾ ತಡವಾಗಿತ್ತು. ಕೊನೆಗೆ ಚಿಂಟು ತಾನಾಗಿ ಬಂದು ಕಾಲ ಬಳಿ ಕೂತಾಗ ಹಗ್ಗದಲ್ಲೇ ಒಂದು ಏಟು ಹಾಕಿದ್ದರು. "ಓಡಿಹೋಗಿದ್ದಕ್ಕೆ ಹೊಡೆದೆ ಮೇಡಂ." ನೀವು ಹೊಡೆದದ್ದು ಓಡಿಹೋಗಿದ್ದಕ್ಕೆ ಇರಬಹುದು, ಅದಕ್ಕೆ ಏಟು ಬಿದ್ದದ್ದು ಬಂದು ಕೂತಿದ್ದಕ್ಕೆ ಅಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ನಾನೂ ಆ ವಿಷಯ ಮತ್ತೆ ಎತ್ತಲಿಲ್ಲ.

ಕೊಟ್ಟ ಸಲಹೆ ಹೀಗಿತ್ತು. ಮೊದಲ ಎರಡು ವಾರ ಬಿಡುವುದೇ ಬೇಡ. ಹಾಗಂತ ಓಟ ನಿಲ್ಲಿಸುವುದೂ ಬೇಡ. ಹಗ್ಗದ ಅಂಗಡಿಯಿಂದ 30 ಅಡಿ ಉದ್ದದ ನೂಲಿನ ಹಗ್ಗ ತಂದು, ಎದೆಗೆ ಹಾಕುವ ಹಾರ್ನೆಸ್‌ಗೆ ಸಿಕ್ಕಿಸಿ ನೆಲದ ಮೇಲೆ ಎಳೆದಾಡಲು ಬಿಡುವುದು. ಕೊರಳಿನ ಬೆಲ್ಟ್‌ಗೆ ಉದ್ದ ಹಗ್ಗ ಕಟ್ಟಲೇಬಾರದು. ನಾಯಿ ಜೋರಾಗಿ ಓಡಿ ಹಗ್ಗ ಮುಗಿದ ಕಡೆ ಕತ್ತಿಗೆ ಬೀಳುವ ಜಗ್ಗು ಸಾಮಾನ್ಯದ್ದಲ್ಲ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಲೂ ಬಾರದು, ಅಂಗೈ ಸುಲಿದುಹೋಗುತ್ತದೆ. ಬೇಕಾದಾಗ ಚಪ್ಪಲಿ ಕಾಲಿಂದ ತುಳಿದರೆ ಸಾಕು. ಬೇರೆ ನಾಯಿಗಳು ಹತ್ತಿರ ಬಂದಾಗ ಹಗ್ಗ ಕಾಲಿಗೆ ಸುತ್ತಿಕೊಳ್ಳುತ್ತದೆ, ಅದಕ್ಕೆ ಈ ಎರಡು ವಾರ ಗುಂಪಿನಿಂದ ದೂರ.

ಮನೆಯಲ್ಲಿ ದಿನಕ್ಕೆ ಮೂರು ಹೊತ್ತು, ಎರಡೆರಡು ನಿಮಿಷ ಬೆಲ್ಟ್ ಆಟ. ಬೆಲ್ಟ್ ಮುಟ್ಟು, ತಿಂಡಿ ಕೊಡು, ಕೈ ತೆಗಿ. ಎರಡು ದಿನ ಇಷ್ಟೇ. ಆಮೇಲೆ ಬೆಲ್ಟ್ ಹಿಡಿ, ಕೊಡು, ಬಿಡು. ಆಮೇಲೆ ಕೊಕ್ಕೆ ಹಾಕು, ಕೊಡು, ಬಿಚ್ಚು. ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ರಾಯರೂ ಎಡವಿದರು. ಮೊದಲು ತಿಂಡಿ ತೋರಿಸಿ, ನಾಯಿ ಬಾಯಿ ಹಾಕುವಾಗ ಇನ್ನೊಂದು ಕೈಯಲ್ಲಿ ಗಪ್ಪನೆ ಹಿಡಿಯುವುದು. ನಾಲ್ಕು ಸಲ ಹೀಗೆ ಮಾಡಿದರೆ ನಾಯಿ ಕತ್ತು ಉದ್ದ ಮಾಡಿ ತಿಂಡಿ ಕಿತ್ತುಕೊಂಡು ಓಡುವುದನ್ನು ಕಲಿಯುತ್ತದೆ. ಕೈ ಮೊದಲು ಬೆಲ್ಟ್‌ಗೆ ಹೋಗಬೇಕು, ತಿಂಡಿ ಆಮೇಲೆ ಜೇಬಿನಿಂದ ಬರಬೇಕು. ಕೈ ತಲೆಯ ಮೇಲಿಂದ ಇಳಿಯಬಾರದು, ಗದ್ದದ ಕೆಳಗಿಂದ ಬರಬೇಕು. ಎದುರಿಗೆ ಬಗ್ಗಿ ನಿಂತರೆ ನಾಯಿಗೆ ಬೆದರಿಸಿದ ಹಾಗೆ. ಪಕ್ಕಕ್ಕೆ ತಿರುಗಿ ಕುಕ್ಕರಗಾಲಲ್ಲಿ ಕೂರಬೇಕು. ಆ ವಾಕಿಂಗ್‌ನವರು ಗೊತ್ತಿಲ್ಲದೇ ಮಾಡಿದ್ದು ಇದನ್ನೇ. ಮಂಡಿ ನೋವಿನ ರಾಯರಿಗೆ ಒಂದು ಸಣ್ಣ ಮಡಚುವ ಸ್ಟೂಲ್ ತರಿಸಿದೆವು.

ತಿಂಡಿಯ ವಿಷಯಕ್ಕೆ ಮನೆಯಲ್ಲಿ ಚಿಕ್ಕ ಪಂಚಾಯಿತಿ ನಡೆಯಿತು. ಬಿಸ್ಕತ್ತಿಗೆ ಚಿಂಟು ಬಗ್ಗುವುದಿಲ್ಲ. ಕೋಳಿ ಮನೆಯೊಳಗೆ ಬರುವಂತಿಲ್ಲ. ಕೊನೆಗೆ ಮನೆಯಲ್ಲಿ ಪನೀರ್ ಎಂದು ತೀರ್ಮಾನವಾಯಿತು. ಮೈದಾನಕ್ಕೆ ಒಣ ಕೋಳಿ ತುಂಡಿನ ಪೊಟ್ಟಣ, ಅದು ಸ್ಕೂಟರಿನ ಡಿಕ್ಕಿಯಲ್ಲಿ. "ಡಿಕ್ಕಿ ಮನೆಯೊಳಗಲ್ಲ ರೀ" ಎಂದು ತೀರ್ಪು ಕೊಟ್ಟವರು ರಾಯರ ಹೆಂಡತಿಯೇ.

"ಬಾ" ಅನ್ನುವ ಪದವನ್ನೂ ಕೈಬಿಡಿ ಎಂದೆ. ಅದು ಕೆಟ್ಟುಹೋಗಿತ್ತು. ಹೊಸ ಪದ ಚಿಕ್ಕದಿರಬೇಕು, ಬೇರೆ ಹೊತ್ತಿನಲ್ಲಿ ಬಾಯಿಗೆ ಬರಬಾರದು, ಸಿಟ್ಟಿನಲ್ಲಿ ಹೇಳಲು ಆಗಬಾರದು. "ಬೋಂಡ" ಎಂದರು ರಾಯರು. ಒಪ್ಪಿದೆ. ನಿಜವಾದ ಬೋಂಡ ಮಾತ್ರ ಕೊಡಬೇಡಿ, ಈರುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನೇ ಹಾಳು ಮಾಡುತ್ತದೆ ಅಂತ ಎಚ್ಚರಿಸಿದೆ.

ಮೂರನೇ ವಾರದಿಂದ ಮೈದಾನದ ಕೆಲಸ. ಹತ್ತು ಸಲ ಕರೆಯುವುದು. ಒಂಬತ್ತು ಸಲ ಕೊಕ್ಕೆ ಹಾಕಿ, ಕೋಳಿ ತುಂಡು ಕೊಟ್ಟು, ಮೂರು ಎಣಿಸಿ, ಬಿಚ್ಚಿ "ಹೋಗು" ಎಂದು ಮತ್ತೆ ಆಟಕ್ಕೆ ಕಳಿಸುವುದು. ಮನೆಗೆ ಹೊರಡುವುದು ಹತ್ತನೆಯದಕ್ಕೆ ಮಾತ್ರ, ಅದೂ ಪ್ರತಿಸಲ ಗೇಟಿನ ಬಳಿಯಲ್ಲ. ಡೇವಿಡ್ ಪ್ರೀಮ್ಯಾಕ್ ಎಂಬ ಮನಃಶಾಸ್ತ್ರಜ್ಞರ ಹೆಸರಿನಲ್ಲಿ ಈ ತತ್ವ ಓಡಾಡುತ್ತದೆ. ನಮ್ಮ ಅಜ್ಜಿಯರಿಗೆ ಹೆಸರೇನೂ ಬೇಕಿರಲಿಲ್ಲ, ಪಲ್ಯ ತಿಂದರೆ ಹೋಳಿಗೆ ಅನ್ನುತ್ತಿದ್ದರು. ಚಿಂಟುಗೆ ಕೋಳಿ ತುಂಡಿಗಿಂತ ದೊಡ್ಡ ಹೋಳಿಗೆ ಎಂದರೆ ಮತ್ತೆ ಓಡುವುದು. ಹಗ್ಗ ಹಾಕಿಸಿಕೊಂಡರೆ ಓಟ ಸಿಗುತ್ತದೆ ಎಂದು ಅದಕ್ಕೆ ಅರ್ಥವಾಗಬೇಕಿತ್ತು. ಹತ್ತನೆಯ ಸಲದ ಮೇಲೂ ನೇರ ಮನೆಗಲ್ಲ. ಐದು ನಿಮಿಷ ಬೇಲಿ ಪಕ್ಕ ಮೂಸಿಕೊಂಡು ನಡೆಯಲಿ. ಬಾಲ್ಕನಿಯಲ್ಲಿ ಕಡಿಯಲು ಏನಾದರೂ ಕಾದಿರಲಿ.

ಇಷ್ಟಕ್ಕೆಲ್ಲ ಸಮಯ ಬೇಕಲ್ಲ. ರಾಯರು ಹೆಂಡತಿಯ ಫೋನ್ ಬಂದ ಮೇಲೆ ಏಳುವ ಬದಲು ಆರೂ ಹತ್ತಕ್ಕೇ ಕಟ್ಟೆ ಬಿಡಬೇಕಾಯಿತು. ನಿಜ ಹೇಳಬೇಕೆಂದರೆ ಎಲ್ಲಕ್ಕಿಂತ ಕಷ್ಟವಾಗಿದ್ದು ಅದೇ. ಆ ಕಟ್ಟೆಯ ಮಾತು ಬಿಟ್ಟು ಏಳಲು ಅವರಿಗೂ ಮನಸ್ಸಿರಲಿಲ್ಲ.

ನಾಲ್ಕನೇ ವಾರ ಮುಗ್ಗರಿಸಿದರು. ಚೆನ್ನಾಗಿ ನಡೆಯುತ್ತಿದೆ ಎಂದು ಉದ್ದ ಹಗ್ಗ ಮನೆಯಲ್ಲಿ ಬಿಟ್ಟು ಹೋಗಿದ್ದಾರೆ. ಮಳೆಗಾಲ ಮುಗಿಯುವ ಹೊತ್ತು, ಬೀದಿ ನಾಯಿಗಳು ಬೆದೆಗೆ ಬರುವ ಕಾಲ. ಚಿಂಟು ಒಂದು ಹೆಣ್ಣು ನಾಯಿಯ ಹಿಂದೆ ಗೇಟು ದಾಟಿ ರಸ್ತೆಗೆ ಹೋಯಿತು. ಆಟೋ ಒಂದು ಕಿರ್ರೆಂದು ನಿಂತಿತು. ಏನೂ ಆಗಲಿಲ್ಲ. ರಾಯರು ಅಟ್ಟಿಸಿಕೊಂಡು ಹೋಗದೆ, ಹೇಳಿಕೊಟ್ಟ ಹಾಗೆ ಉಲ್ಟಾ ದಿಕ್ಕಿಗೆ ನಾಲ್ಕು ಹೆಜ್ಜೆ ಓಡಿ, ಹುಲ್ಲಿನಲ್ಲಿ ಏನೋ ಸಿಕ್ಕಿದವರಂತೆ ಕೂತು ತುಂಡುಗಳನ್ನು ನೆಲಕ್ಕೆ ಚೆಲ್ಲಿದ್ದಾರೆ. ಐದು ನಿಮಿಷದಲ್ಲಿ ವಾಪಸ್. ಕೈ ನಡುಗುತ್ತಿದ್ದರೂ ಬೈಯಲಿಲ್ಲವಂತೆ. ಮತ್ತೆ ಎರಡು ವಾರ ಉದ್ದ ಹಗ್ಗ. ಸಂತಾನಹರಣದ ಬಗ್ಗೆ ಡಾಕ್ಟರ್ ಹತ್ತಿರ ಮಾತಾಡಿ ಎಂದೆ. ಆದರೆ ಆಪರೇಷನ್ ಮಾಡಿಸಿದರೆ ಕರೆದ ತಕ್ಷಣ ಬರುತ್ತದೆ ಎಂದು ನಂಬಬೇಡಿ, ಅದು ಬೇರೆ ಪಾಠ ಅಂತಲೂ ಹೇಳಿದೆ. ಗೇಟು ಮುರಿದ ಆ ಮೈದಾನ ಬಿಟ್ಟು ನಾಲ್ಕೂ ಕಡೆ ಕಾಂಪೌಂಡ್ ಇರುವ ಒಬ್ಬರ ಖಾಲಿ ಸೈಟು ಹುಡುಕಿಕೊಂಡರು. ಇದೇ ಮುಧೋಳ ನಾಯಿಯಾಗಿದ್ದರೆ ನಾನು ಬಯಲಲ್ಲಿ ಬಿಡಲು ಮೊದಲ ದಿನವೇ ಒಪ್ಪುತ್ತಿರಲಿಲ್ಲ. ಕಣ್ಣಿಗೆ ಬೇಟೆ ಬಿದ್ದ ಮೇಲೆ ಆ ಜಾತಿಗೆ ಯಾವ ಬೋಂಡವೂ ಕೇಳಿಸುವುದಿಲ್ಲ.

ಎಂಟನೇ ವಾರ ರಾಯರ ಫೋನ್ ಬಂತು. ಹತ್ತಕ್ಕೆ ಎಂಟು ಒಂಬತ್ತು ಸಲ ಬರುತ್ತಾನೆ, ತಾನೇ ಗದ್ದ ಎತ್ತಿ ಕೊಡುತ್ತಾನೆ ಎಂದರು. ಆದರೂ ದನಿಯಲ್ಲಿ ಏನೋ ಕಿರಿಕಿರಿ. ಕೇಳಿದೆ. ಆ ವಾಕಿಂಗ್‌ನವರು ಸೈಟಿನ ಪಕ್ಕ ಹೋಗುವಾಗ ತಮಾಷೆಗೆ "ಬೋಂಡ" ಅಂದರಂತೆ. ಚಿಂಟು ಆಟ ಬಿಟ್ಟು ಅವರ ಹತ್ತಿರ ಓಡಿ, ಕಾಂಪೌಂಡಿನ ಪಕ್ಕ ಗದ್ದ ಎತ್ತಿಕೊಂಡು ನಿಂತುಬಿಟ್ಟಿತಂತೆ. ಅವರ ಕೈಯಲ್ಲಿ ಏನೂ ಇರಲಿಲ್ಲ.

"ಪದ ಬದಲಾಯಿಸಬೇಕಾ ಮೇಡಂ?"

ಬೇಡ ಸಾರ್ ಅಂದೆ. ಡಿಕ್ಕಿಯಿಂದ ಅವರಿಗೂ ಒಂದು ಪೊಟ್ಟಣ ಕೊಟ್ಟುಬಿಡಿ.