ನಾಯಿ ಟ್ರೈನಿಂಗ್ ಜೊತೆಗೆ ಇನ್ನೇನು ಸೇರಿಸಲಿ ಎಂದು ಕೇಳಿದ ತಂಗಿಗೆ

ಅಕ್ಕಾ ಎಂದು ಕರೆದು ಬರೆದಿದ್ದೀರಿ, ಅಕ್ಕನ ಹಾಗೆಯೇ ಬಿಡಿಸಿ ಹೇಳುತ್ತೇನೆ. ಹೊರದೇಶಕ್ಕೆ ಬಂದು 8 ತಿಂಗಳಾಯಿತು, ಶನಿವಾರ ಭಾನುವಾರ ನಾಯಿಗಳಿಗೆ ಟ್ರೈನಿಂಗ್ ಕೊಡುತ್ತಿದ್ದೀರಿ, 6 ಮನೆ ಸಿಕ್ಕಿವೆ. ಆದರೆ ಕೋರ್ಸ್ ಮುಗಿದ ಮೇಲೆ ಯಾರೂ ತಿರುಗಿ ಬರುವುದಿಲ್ಲ. ವಾಕಿಂಗ್, ಬೋರ್ಡಿಂಗ್ (ರಾತ್ರಿಯೂ ನಾಯಿಯನ್ನು ನಮ್ಮ ಮನೆಯಲ್ಲಿಟ್ಟು ನೋಡಿಕೊಳ್ಳುವುದು), ಸ್ನಾನ, ಮನೆಯಿಂದ ಕರೆತಂದು ವಾಪಸ್ ಬಿಡುವುದು, ಇವೆಲ್ಲ ಸೇರಿಸಿದರೆ ನಡೆಯುತ್ತದಾ, ಎಲ್ಲಿಂದಲೋ ಬಂದವಳಿಗೆ ಜನ ಮನೆ ಕೀಲಿ ಕೊಡುತ್ತಾರಾ ಎಂದು ಕೇಳಿದ್ದೀರಿ. ನಾನು ದೇಶ ಬಿಟ್ಟು 16 ವರ್ಷವಾಯಿತು. ಅದರಲ್ಲಿ 12 ವರ್ಷ ಇದೇ ಕೆಲಸ.

ಕೀಲಿ ಕೊಡುತ್ತಾರೆ. ಆ ಬಗ್ಗೆ ಅನುಮಾನ ಬೇಡ. ಇಲ್ಲಿನವರಲ್ಲೂ ಎಷ್ಟೋ ಜನ ತಮ್ಮವರಿಂದ ದೂರ ಇದ್ದಾರೆ. ಬೆಳಿಗ್ಗೆ ಇಬ್ಬರೂ ಕೆಲಸಕ್ಕೆ ಹೊರಟರೆ ಮನೆಯಲ್ಲಿ ಮರಿ ಒಂದೇ. ಮಧ್ಯಾಹ್ನ ಒಂದು ಸಲ ಬಾಗಿಲು ತೆಗೆದು ನೋಡುವವರಿಲ್ಲ. ಇದೇ ನಿಮ್ಮ ಮೊದಲ ಕೆಲಸ. ಒಂದು ಮಾತು: ಕೀಲಿಗೆ ವಿಳಾಸ ಬರೆದು ನೇತುಹಾಕಬೇಡಿ. ಬರೀ ಒಂದು ನಂಬರ್ ಇರಲಿ, ಯಾವ ನಂಬರ್ ಯಾರ ಮನೆ ಎಂಬುದು ಬೇರೆ ಪುಸ್ತಕದಲ್ಲಿರಲಿ.

ಅದಕ್ಕೂ ಮುಂಚೆ ವೀಸಾ ನೋಡಿ. ಎಷ್ಟೋ ವೀಸಾಗಳಲ್ಲಿ ಸಂಬಳದ ಕೆಲಸ ಮಾಡಬಹುದು, ಸ್ವಂತ ವ್ಯವಹಾರ ಮಾಡುವ ಹಾಗಿಲ್ಲ. ದುಡ್ಡು ತೆಗೆದುಕೊಂಡು ಪಕ್ಕದ ಮನೆ ನಾಯಿಯನ್ನು ವಾಕಿಂಗ್ ಕರೆದುಕೊಂಡು ಹೋದರೂ ಅದು ವ್ಯವಹಾರವೇ. ಗೆಳೆಯರ ಬಾಯಿಮಾತು ನಂಬಬೇಡಿ, ವೀಸಾದ ಷರತ್ತನ್ನು ನೀವೇ ಕೂತು ಓದಿ.

ಈಗ ಮಧ್ಯಾಹ್ನದ ಭೇಟಿ. 2 ತಿಂಗಳ ಮರಿ 3 ಗಂಟೆಗಿಂತ ಜಾಸ್ತಿ ಮೂತ್ರ ತಡೆಯಲಾರದು. ದಿನವಿಡೀ ಒಳಗೇ ಬಿಟ್ಟರೆ ಮನೆಯೊಳಗೇ ಮಾಡುತ್ತದೆ, ಅದೇ ಅಭ್ಯಾಸವಾಗುತ್ತದೆ. ನೀವು ಅರ್ಧ ಗಂಟೆ ಹೋಗಿ ಹೊರಗೆ ಕರೆದುಕೊಂಡು ಹೋದರೆ ಅದೇ ಒಂದು ಪಾಠ. ಮರಿಗೆ 3 ವಾರದಿಂದ ಸುಮಾರು 14 ವಾರದವರೆಗೆ ಲೋಕ ಪರಿಚಯವಾಗುವ ಕಾಲ. ಗಾಲಿಕುರ್ಚಿ, ಛತ್ರಿ, ಕಸದ ಲಾರಿಯ ಸದ್ದು, ಬೇರೆ ಬೇರೆ ಜನ, ಎಲ್ಲ ಆಗಲೇ ಹೆದರಿಕೆಯಿಲ್ಲದೆ ಪರಿಚಯವಾಗಬೇಕು. ಎಲ್ಲ ಲಸಿಕೆ ಮುಗಿಯಲಿ ಎಂದು ಮಾಲೀಕರು ಕಾಯುತ್ತಾರೆ, ಅಷ್ಟರಲ್ಲಿ ಆ ಕಾಲ ಕಳೆದುಹೋಗಿರುತ್ತದೆ. ಅಮೆರಿಕದ ಪ್ರಾಣಿವರ್ತನೆಯ ಪಶುವೈದ್ಯರ ಸಂಘ 2008ರಲ್ಲೇ ಸ್ಪಷ್ಟವಾಗಿ ಹೇಳಿದೆ: ಮೊದಲ ಸುತ್ತಿನ ಲಸಿಕೆ ಹಾಕಿ ಕನಿಷ್ಠ 7 ದಿನ ಕಳೆದು, ಜಂತುಹುಳದ ಔಷಧಿಯೂ ಆಗಿದ್ದರೆ, 7-8 ವಾರದ ಮರಿಯನ್ನೂ ಕ್ಲಾಸಿಗೆ ಸೇರಿಸಬಹುದು. ಮರಿಯ ವೈದ್ಯರನ್ನು ಒಂದು ಮಾತು ಕೇಳಿ ಶುರು ಮಾಡಿ.

ಎರಡನೆಯದು, ಬೆಳಿಗ್ಗೆ ನಿಮ್ಮ ಹತ್ತಿರ ಬಿಟ್ಟು ಸಂಜೆ ಕರೆದುಕೊಂಡು ಹೋಗುವ ಟ್ರೈನಿಂಗ್. ಕೆಲಸಕ್ಕೆ ಹೋಗುವವರಿಗೆ ಇದು ತುಂಬಾ ಅನುಕೂಲ, ಆದಾಯವೂ ಚೆನ್ನಾಗಿದೆ. ಆದರೆ ನಾನು ತಪ್ಪು ಮಾಡಿದ್ದೂ ಇದರಲ್ಲೇ. ಒಂದು ಕಂದು ಬಣ್ಣದ ಲ್ಯಾಬ್ರಡಾರ್ ಇತ್ತು. ನನ್ನ ಬಾಗಿಲಲ್ಲಿ ಕಲ್ಲಿನ ಹಾಗೆ ಕೂತಿರುತ್ತಿತ್ತು, ನಾನು ಹೇಳುವವರೆಗೆ ಹೊಸ್ತಿಲು ದಾಟುತ್ತಿರಲಿಲ್ಲ. 3 ವಾರ ಕಲಿಸಿ ಕಳಿಸಿದೆ. ಮಾರನೇ ದಿನವೇ ಆ ಮನೆಯಾಕೆ ಫೋನ್ ಮಾಡಿದರು, ಧ್ವನಿ ನಡುಗುತ್ತಿತ್ತು. ಬಾಗಿಲು ತೆಗೆದ ತಕ್ಷಣ ನಾಯಿ ಅವರನ್ನು ಮೆಟ್ಟಿಲ ಮೇಲಿಂದ ಎಳೆದುಕೊಂಡು ಹೋಗಿತ್ತು. ಅದು ಕಲಿತದ್ದು ನನ್ನ ಬಾಗಿಲನ್ನು, ನನ್ನ ಕೈಯನ್ನು. ಅವರ ಬಾಗಿಲನ್ನು ಯಾರೂ ಕಲಿಸಿರಲಿಲ್ಲ. ನಾಯಿ ಒಂದು ಜಾಗದಲ್ಲಿ ಕಲಿತದ್ದನ್ನು ಇನ್ನೊಂದು ಜಾಗಕ್ಕೆ ತಾನಾಗಿ ಒಯ್ಯುವುದಿಲ್ಲ.

ಅಂದಿನಿಂದ ಸಂಜೆಯ ಕಾಲು ಗಂಟೆಯನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ನಾಯಿಯನ್ನು ಅವರ ಮನೆಗೇ ಕರೆದುಕೊಂಡು ಹೋಗುತ್ತೇನೆ. ಹಗ್ಗ ಅವರ ಕೈಗೆ, ತಿಂಡಿ ಅವರ ಜೇಬಿಗೆ. ನಾನು 2 ಹೆಜ್ಜೆ ಹಿಂದೆ ಸುಮ್ನೆ ನಿಂತಿರುತ್ತೇನೆ. ಅವರು ಬಾಗಿಲ ಹಿಡಿಯನ್ನು ಮುಟ್ಟುತ್ತಾರೆ, ನಾಯಿ ಏಳುತ್ತದೆ, ಅವರು ಕೈ ವಾಪಸ್ ತೆಗೆಯುತ್ತಾರೆ. ನಾಯಿ ಮತ್ತೆ ಕೂರುತ್ತದೆ. ನಾಲ್ಕನೇ ಸಲಕ್ಕೆ ಬಾಗಿಲು ಪೂರ್ತಿ ತೆರೆದರೂ ಅದು ಅವರ ಮುಖವನ್ನೇ ನೋಡುತ್ತಾ ಕೂತಿರುತ್ತದೆ. ಅದನ್ನು ಅವರದೇ ಫೋನಿನಲ್ಲಿ ಅರ್ಧ ನಿಮಿಷ ವಿಡಿಯೊ ಮಾಡಿ ಕೊಡುತ್ತೇನೆ. ತಿರುಗಿ ಬರುವವರು ಹೆಚ್ಚಾಗಿ ಈ ಕಾಲು ಗಂಟೆಯಿಂದಲೇ ಬರುತ್ತಾರೆ. ಇದಕ್ಕೆ ಬೇರೆ ದುಡ್ಡು ಕೇಳಬೇಡಿ, ಕೋರ್ಸಿನ ಶುಲ್ಕದಲ್ಲೇ ಸೇರಿಸಿ.

ಕರೆತಂದು ಬಿಡುವುದನ್ನೂ ಇದೇ ಕಾರಣಕ್ಕೆ ಒಪ್ಪಿಕೊಳ್ಳಿ, ಆದರೆ ಜಾಗ್ರತೆ. ನಾಯಿ ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಬಾಗಿಲ ಹತ್ತಿರವೇ, ಮನೆಯದ್ದಾಗಲಿ ಕಾರಿನದ್ದಾಗಲಿ. ನನ್ನ ಎರಡನೇ ವರ್ಷದಲ್ಲಿ ಒಂದು ಹೆದರುಪುಕ್ಕ ನಾಯಿ ಕಾರಿಂದ ಇಳಿಯುವಾಗ ಹಿಂದಕ್ಕೆ ಜಗ್ಗಿ, ಕೊರಳಪಟ್ಟಿಯಿಂದ ತಲೆ ಬಿಡಿಸಿಕೊಂಡು ಓಡಿಬಿಟ್ಟಿತು. 40 ನಿಮಿಷ ಹುಡುಕಿದೆ. ಸಿಕ್ಕಿತು, ಏನೂ ಆಗಿರಲಿಲ್ಲ, ಆದರೆ ಆ 40 ನಿಮಿಷ ನನಗೆ ಇವತ್ತಿಗೂ ಮರೆತಿಲ್ಲ. ಈಗ ಎದೆಗೆ ಹಾಕುವ ಹಾರ್ನೆಸ್ ಒಂದು, ಕೊರಳಪಟ್ಟಿ ಒಂದು, ಎರಡಕ್ಕೂ ಹಗ್ಗ. ಬಾಗಿಲು ತೆಗೆಯುವ ಮುಂಚೆಯೇ ಹಗ್ಗ ಕೈಗೆ ಸುತ್ತಿರಬೇಕು. ಕಾರಲ್ಲಿ ನಾಯಿ ಬಿಟ್ಟು 5 ನಿಮಿಷ ಎಂದು ಎಲ್ಲಿಗೂ ಹೋಗಬೇಡಿ. ಹೊರಗೆ 21 ಡಿಗ್ರಿ ಇದ್ದರೂ ನಿಂತ ಕಾರಿನೊಳಗೆ 10 ನಿಮಿಷಕ್ಕೆ 32, ಅರ್ಧ ಗಂಟೆಗೆ 40 ಮುಟ್ಟುತ್ತದೆ.

ಸ್ನಾನ, ಕೂದಲು ಕತ್ತರಿಸುವುದು ಬೇಡ. ಅದೇ ಬೇರೆ ಕಸುಬು, ಅದಕ್ಕೇ ಬೇರೆ ಜಾಗ ಬೇಕು. ಹೆದರದೆ ಉಗುರು ಕತ್ತರಿಸಿಕೊಳ್ಳುವುದನ್ನು ಮಾತ್ರ ನಾಯಿಗೆ ಕಲಿಸಿಕೊಡಿ. ಕತ್ತರಿ ತೋರಿಸಿ ತಿಂಡಿ, ಪಂಜ ಮುಟ್ಟಿ ತಿಂಡಿ, ದಿನಕ್ಕೆ ಒಂದೇ ಉಗುರು. ವೈದ್ಯರ ಹತ್ತಿರ ಮೂರು ಜನ ಒತ್ತಿ ಹಿಡಿಯಬೇಕಾಗಿದ್ದ ನಾಯಿ ತಾನಾಗಿ ಕಾಲು ಚಾಚಿದಾಗ ಮಾಲೀಕರ ಕಣ್ಣು ತುಂಬಿದ್ದನ್ನು ನೋಡಿದ್ದೇನೆ.

ಬೋರ್ಡಿಂಗ್ ಕೊನೆಗೆ. ಕನಿಷ್ಠ ಒಂದು ವರ್ಷ ಬಿಡಿ. ರಾತ್ರಿ ನಿಮ್ಮ ಮನೆಯಲ್ಲಿ ನಾಯಿ ಉಳಿಯಿತು ಎಂದರೆ ಕಾನೂನೇ ಬೇರೆಯಾಗಬಹುದು. ಇಂಗ್ಲೆಂಡನ್ನೇ ನೋಡಿ, ಟ್ರೈನಿಂಗ್ ಕ್ಲಾಸಿಗೆ ಲೈಸೆನ್ಸ್ ಬೇಡ, ಆದರೆ ದುಡ್ಡಿಗೆ ಮನೆಯಲ್ಲಿ ನಾಯಿ ಇಟ್ಟುಕೊಳ್ಳುವ ವ್ಯವಹಾರಕ್ಕೂ ಹಗಲು ಪಾಲನೆಗೂ 2018ರ ನಿಯಮದ ಪ್ರಕಾರ ಸ್ಥಳೀಯ ಕೌನ್ಸಿಲಿನ ಲೈಸೆನ್ಸ್ ಬೇಕು. ಅಂದರೆ ಬೆಳಿಗ್ಗೆ ಬಿಟ್ಟು ಸಂಜೆ ಒಯ್ಯುವ ಟ್ರೈನಿಂಗಿಗೂ ನೀವಿರುವಲ್ಲಿ ಏನು ನಿಯಮ ಎಂದು ಮೊದಲೇ ಕೇಳಿಕೊಳ್ಳಿ. ಇನ್ಶೂರೆನ್ಸ್ ತೆಗೆದುಕೊಳ್ಳುವಾಗ ಒಂದು ಪ್ರಶ್ನೆ ಕೇಳಲೇಬೇಕು: ನನ್ನ ಸುಪರ್ದಿಯಲ್ಲಿರುವ ನಾಯಿಗೇ ಪೆಟ್ಟಾದರೆ ಕೊಡುತ್ತೀರಾ? ಸಾಮಾನ್ಯ ಪಾಲಿಸಿ ಹೆಚ್ಚಾಗಿ ಬೇರೆಯವರಿಗಾದ ನಷ್ಟಕ್ಕೆ ಮಾತ್ರ, ನಿಮ್ಮ ಕೈಯಲ್ಲಿರುವ ನಾಯಿಗೆ ಅಲ್ಲ. ಉತ್ತರವನ್ನು ಬರಹದಲ್ಲಿ ಪಡೆಯಿರಿ.

ನನ್ನ ಉಚ್ಚಾರಣೆ ಅವರಿಗೆ ಅರ್ಥವಾಗುವುದಿಲ್ಲ, ನಾಚಿಕೆಯಾಗುತ್ತದೆ ಎಂದು ಕೊನೆಯಲ್ಲಿ ಬರೆದಿದ್ದೀರಿ. ಅದನ್ನು ಓದಿ ನನ್ನ ಮೊದಲ ವರ್ಷ ನೆನಪಾಯಿತು. ಪ್ರತಿ ಪಾಠ ಆದ ಮೇಲೆ 4 ಸಾಲು ಬರೆದು ಕಳಿಸಿ: ಇವತ್ತು ಏನು ಮಾಡಿದೆವು, ನಾಳೆ ಏನು ಮಾಡಬೇಕು. ಮಾತಲ್ಲಿ ತಪ್ಪಿದ್ದು ಬರಹದಲ್ಲಿ ಸರಿಹೋಗುತ್ತದೆ, ಅಲ್ವಾ? ನಾಯಿಗಳಂತೂ ಮಾತಿಗಿಂತ ಕೈಯನ್ನೇ ಬೇಗ ಓದುತ್ತವೆ. ನಾನು ಒಬ್ಬಳೇ ಇದ್ದಾಗ ಈಗಲೂ ಅವುಗಳಿಗೆ "ಬಾ", "ಕೂತ್ಕೋ" ಎಂದೇ ಹೇಳುತ್ತೇನೆ. ಬರುತ್ತವೆ, ಕೂರುತ್ತವೆ.

ನಿಮ್ಮ 6 ಮನೆಗಳಲ್ಲಿ ಯಾವ ನಾಯಿ ಹಗಲೆಲ್ಲ ಒಂಟಿಯಾಗಿರುತ್ತದೆ ಎಂದು ಈ ವಾರವೇ ಕೇಳಿ ನೋಡಿ. ಯಾರು ಹೂಂ ಎಂದರು, ನಾಯಿಯ ವಯಸ್ಸು ಎಷ್ಟು ಎಂದು ಬರೆಯಿರಿ. ಆ ಮನೆಯ ಮಧ್ಯಾಹ್ನದ ಅರ್ಧ ಗಂಟೆಯನ್ನು ಹೇಗೆ ಹೊಂದಿಸುವುದು ಎಂದು ಒಟ್ಟಿಗೆ ಕೂತು ನೋಡೋಣ.