ಸಿನಿಮಾ ಹೀರೋ ನೋಡಿ ಜನ ನಿಜಕ್ಕೂ ಬದಲಾಗ್ತಾರಾ? ಹೀರೋ ಅನ್ನಿಸಿಕೊಳ್ಳಲು ಏನಿರಬೇಕು?

ಬದಲಾಗ್ತಾರೆ, ಆದರೆ ತಮಗೆ ಬೇಕಾದಷ್ಟು ಮಾತ್ರ. ನಮ್ಮ ದೊಡ್ಡಪ್ಪನ ಕಥೆ ಹೇಳ್ತೀನಿ, ನಿಮ್ಮ ಎರಡೂ ಪ್ರಶ್ನೆಗೆ ಅದೇ ಉತ್ತರ.

1972ರಲ್ಲಿ ‘ಬಂಗಾರದ ಮನುಷ್ಯ’ ಬಂದಾಗ ದೊಡ್ಡಪ್ಪ ಬೆಂಗಳೂರಲ್ಲಿ ಗುಮಾಸ್ತರು. ಟಿ.ಕೆ. ರಾಮರಾಯರ ಕಾದಂಬರಿ, ಸಿದ್ಧಲಿಂಗಯ್ಯನವರ ನಿರ್ದೇಶನ, ರಾಜೀವನ ಪಾತ್ರದಲ್ಲಿ ರಾಜಕುಮಾರ್. ಮೆಜೆಸ್ಟಿಕ್ ಕಡೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಅದನ್ನು ನೋಡಿ ಪಟ್ಟಣ ಬಿಟ್ಟು ಬೇಸಾಯಕ್ಕೆ ಹೋದವರ ಮಾತು ನೀವೂ ಕೇಳಿರ್ತೀರಿ. ಸುಮ್ನೆ ಹಬ್ಬಿದ ಸುದ್ದಿ ಅಂದ್ಕೋಬೇಡಿ, ಹಾಗೆ ಹೋದ ಒಬ್ಬರ ಮನೆಯಲ್ಲೇ ನಾನು ಬೆಳೆದದ್ದು.

ನಾಲ್ಕು ಸಲ ನೋಡಿದರಂತೆ. ಐದನೇ ಸಲದ ದುಡ್ಡಲ್ಲಿ ಊರಿನ ಬಸ್ ಹತ್ತಿದರು. ಇದ್ದದ್ದು ಮೂರು ಎಕರೆ ಕಲ್ಲುಹೊಲ. ಸಿನಿಮಾದಲ್ಲಿ ಹಾಡು ಮುಗಿಯೋದರೊಳಗೆ ಭೂಮಿ ಹಸಿರಾಗುತ್ತೆ. ಇಲ್ಲಿ ಬಾವಿ ತೋಡಿದರೆ ನಲವತ್ತು ಅಡಿಗೆ ಬಂಡೆ ಸಿಕ್ಕಿತು. ಮದ್ದು ಇಟ್ಟು ಸಿಡಿಸಬೇಕು, ಕೈಯಲ್ಲಿ ಕಾಸಿಲ್ಲ. ದೊಡ್ಡಮ್ಮನ ಬಳೆ ಗಿರವಿಗೆ ಹೋಯಿತು. ನೀರು ಕಂಡದ್ದು ಎರಡನೇ ಬೇಸಿಗೆಯಲ್ಲಿ. ಅಲ್ಲಿಯವರೆಗೂ ಅವರು ತೋಳು ಮಡಚಿದ ಬಿಳಿ ಶರ್ಟ್ ಹಾಕ್ಕೊಂಡೇ ಗುದ್ದಲಿ ಹಿಡೀತಿದ್ದರಂತೆ. ಒಗೆದು ಒಗೆದು ಸಾಕಾಯ್ತು ಅಂತ ದೊಡ್ಡಮ್ಮ ಇವತ್ತಿಗೂ ಬೈತಾರೆ.

ಬೀಡಿಯೂ ಆಗಲೇ ನಿಂತಿತು. ಯಾರಾದರೂ ಕೊಡಲು ಬಂದರೆ, “ಅಣ್ಣಾವ್ರು ಸೇದ್ತಾರೇನ್ರೀ?” ಅನ್ನೋರು. ಪರದೆ ಮೇಲೆ ಕುಡಿಯೋದು, ಸೇದೋದರಿಂದ ರಾಜಕುಮಾರ್ ದೂರ ಇರ್ತಿದ್ದರು. ಅಂಥ ದೃಶ್ಯ ನೋಡಿ ಜನ ಕಲಿತುಬಿಡ್ತಾರೆ ಅನ್ನೋ ಅಂಜಿಕೆ ಸುಳ್ಳೇನಲ್ಲ. ನನ್ನ ಕಾಲೇಜಿನ ಗೆಳೆಯನೊಬ್ಬ, ಬೇಡ ಅಂದ ಹುಡುಗಿಯ ಹಿಂದೆ ತಿಂಗಳುಗಟ್ಟಲೆ ಸೈಕಲ್ ತುಳಿದ. ಹೀರೋಗಳೆಲ್ಲ ಹಾಗೇ ಮಾಡ್ತಿದ್ದರಲ್ಲ! ಆ ಹುಡುಗಿ ಕೊನೆಗೆ ಬಸ್ಸನ್ನೇ ಬದಲಾಯಿಸಿದಳು. ನಾವೆಲ್ಲ ನಗ್ತಾ ನೋಡ್ತಿದ್ದೆವು, ನೆನೆದರೆ ಈಗ ನಾಚಿಕೆ ಆಗುತ್ತೆ.

ಹೀರೋ ಯಾರು ಅಂದರೆ, ನನ್ನ ಲೆಕ್ಕದಲ್ಲಿ, ಅವನು ಮಾಡೋ ಕೆಲಸ ನೋಡುವವನ ಕೈಗೂ ಎಟುಕುವಂತಿರಬೇಕು. ಹತ್ತು ಜನರನ್ನು ಒಂದೇ ಏಟಿಗೆ ಬೀಳಿಸುವವನಿಂದ ನಾವು ತರೋದು ಹೇರ್ ಸ್ಟೈಲ್ ಅಷ್ಟೇ. ಬಾವ ಸತ್ತ ಮೇಲೆ ರಾಜೀವ ಅಕ್ಕನ ಸಂಸಾರ ಹೊರ್ತಾನೆ, ಬರಡು ನೆಲದಲ್ಲಿ ಬೆಳೆ ತೆಗೀತಾನೆ. ಕಷ್ಟ, ಆದರೆ ಆಗದ್ದೇನಲ್ಲ.

ಅವನ ಇನ್ನೊಂದು ದೊಡ್ಡಗುಣ ಮಾತ್ರ ದೊಡ್ಡಪ್ಪನಿಗೆ ಒಗ್ಗಲೇ ಇಲ್ಲ. ಕೊನೆಯಲ್ಲಿ ಅಕ್ಕನ ಮಗನೇ ಅನುಮಾನಪಟ್ಟಾಗ ರಾಜೀವ ಎಲ್ಲ ಬಿಟ್ಟು ಹೊರಟುಹೋಗ್ತಾನೆ, ಅಲ್ವಾ? ಟಿವಿಯಲ್ಲಿ ಆ ಜಾಗ ಬಂದಾಗಲೆಲ್ಲ ದೊಡ್ಡಪ್ಪ ಕಣ್ಣು ಒರೆಸಿಕೊಂಡು, “ಲೆಕ್ಕ ಮುಖಕ್ಕೆ ಎಸೆದು ಹೋಗಬೇಕಿತ್ತು” ಅನ್ನೋರು. ನಮ್ಮಪ್ಪನೂ ಅವರೂ ಪಾಲಾದಾಗ ಬಾವಿ ಇರೋ ಹೊಲ ತನಗೇ ಬೇಕು ಅಂತ ಮೂರು ದಿನ ಪಂಚಾಯ್ತಿ ಕೂರಿಸಿ ತಗೊಂಡರು.