ಮೂರು ಅಧ್ಯಾಯ ಬೇಡ, ಒಂದು ಹತ್ತಿ ಗಿರಣಿ ಸಾಕು

ನಮಸ್ಕಾರ,

'ಹತ್ತೊಂಬತ್ತನೇ ಶತಮಾನದ ಅಮೆರಿಕ: ವಿಸ್ತರಣೆ, ಉದ್ಯಮ, ಸುಧಾರಣೆ' ಎಂಬ ನಿಮ್ಮ ಲೇಖನ ಓದಿದೆ. ಈಗಿರುವ ರೂಪದಲ್ಲಿ ಹಾಕಲು ಆಗುವುದಿಲ್ಲ. ಆದರೆ ಏಳನೇ ಪುಟದ ಒಂದು ಪ್ಯಾರಾ ಓದಿದ ಮೇಲೆ ಸುಮ್ನೆ ಹಿಂದಕ್ಕೆ ಕಳಿಸಲು ಮನಸ್ಸು ಬರಲಿಲ್ಲ. ಅದಕ್ಕೇ ಇಷ್ಟು ಉದ್ದದ ಉತ್ತರ.

ಮೊದಲು ತಕರಾರು. 1803ರಲ್ಲಿ ಲೂಯಿಸಿಯಾನಾ ಖರೀದಿ, 1825ರಲ್ಲಿ ಈರಿ ಕಾಲುವೆ, 1848ರಲ್ಲಿ ಸೆನೆಕಾ ಫಾಲ್ಸ್‌ನ ಮಹಿಳಾ ಸಮಾವೇಶ, 1869ರಲ್ಲಿ ಖಂಡ ದಾಟಿದ ರೈಲು ಹಳಿ. ಇಸವಿಗಳೆಲ್ಲ ಸರಿಯಾಗಿವೆ. ಆದರೆ ಓದುತ್ತಿದ್ದರೆ ಪರೀಕ್ಷೆಯ ಹಿಂದಿನ ರಾತ್ರಿ ಗೈಡ್ ತಿರುವಿ ಹಾಕಿದ ಹಾಗಿದೆ. ವಿಸ್ತರಣೆ ಮುಗಿಯಿತು, ಈಗ ಉದ್ಯಮ. ಅದೂ ಮುಗಿಯಿತು, ಇನ್ನು ಸುಧಾರಣೆ. ಅಲ್ಲಿದ್ದ ಜನರ ಬದುಕು ಹೀಗೆ ಅಧ್ಯಾಯ ಅಧ್ಯಾಯವಾಗಿ ನಡೆಯಲಿಲ್ಲ, ಅಲ್ವಾ?

ಏಳನೇ ಪುಟಕ್ಕೆ ಬರುತ್ತೇನೆ. ಮ್ಯಾಸಚೂಸೆಟ್ಸ್‌ನ ಲೋವೆಲ್ ಊರಿನ ಗಿರಣಿಗಳಲ್ಲಿ ನೂಲು ಒಣಗಿ ಕಡಿಯಬಾರದೆಂದು ಬೇಸಿಗೆಯಲ್ಲೂ ಕಿಟಕಿ ಮುಚ್ಚಿಡುತ್ತಿದ್ದರು ಎಂದು ಬರೆದಿದ್ದೀರಿ. ಓದುವಾಗ ನನಗೇ ಸೆಖೆ ಅನ್ನಿಸಿತು. ಮುಂದಿನ ಸಾಲಿನಲ್ಲೇ 'ಹೀಗೆ ಕೈಗಾರಿಕಾ ಕ್ರಾಂತಿಯು ದೇಶವನ್ನು ಪ್ರಗತಿಯತ್ತ ಕೊಂಡೊಯ್ದಿತು' ಎಂದು ಕೈತೊಳೆದುಕೊಂಡಿದ್ದೀರಿ. ಯಾಕೆ ಇಷ್ಟು ಅವಸರ? ಆ ಕೋಣೆಯಲ್ಲೇ ಸ್ವಲ್ಪ ಹೊತ್ತು ನಿಲ್ಲಿ.

ಅಲ್ಲಿ ಹ್ಯಾರಿಯೆಟ್ ಹ್ಯಾನ್ಸನ್ ಎಂಬ ಹುಡುಗಿ ಇದ್ದಳು. ಹತ್ತನೇ ವಯಸ್ಸಿಗೇ ಕೆಲಸಕ್ಕೆ ಸೇರಿದವಳು. ನೂಲು ಸುತ್ತುವ ಉರುಳೆ, ಅಂದರೆ ಬಾಬಿನ್, ತುಂಬಿದಾಗ ಅದನ್ನು ತೆಗೆದು ಖಾಲಿಯದನ್ನು ಹಾಕುವುದು ಅವಳ ಕೆಲಸ. ಬೆಳಗಿನ ಐದಕ್ಕೆ ಒಳಗೆ ಹೋದರೆ ಹೊರಬರುವಾಗ ಸಂಜೆ ಏಳು. 1836ರಲ್ಲಿ ಕಂಪನಿಯವರು ಊಟ-ವಸತಿಗೆಂದು ಹುಡುಗಿಯರಿಂದ ಇನ್ನಷ್ಟು ದುಡ್ಡು ಮುರಿದುಕೊಳ್ಳಲು ಹೊರಟರು. ಮುಷ್ಕರ ಶುರುವಾಯಿತು. ಇವಳ ಕೋಣೆಯಲ್ಲಿದ್ದ ದೊಡ್ಡ ಹುಡುಗಿಯರು ಹೋಗೋಣವಾ ಬೇಡವಾ ಎಂದು ಮೀನಮೇಷ ಎಣಿಸುತ್ತಿದ್ದರು. ಯಾರು ಬರಲಿ ಬಿಡಲಿ, ನಾನಂತೂ ಹೊರಟೆ ಎಂದು ಹನ್ನೊಂದು ವರ್ಷದ ಇವಳು ಹೊರನಡೆದಳು. ತಿರುಗಿ ನೋಡಿದರೆ ಉಳಿದವರೂ ಹಿಂದೆಯೇ ಬರುತ್ತಿದ್ದರು. ಇವಳ ತಾಯಿ ವಿಧವೆ, ಕಂಪನಿಯದೇ ಬೋರ್ಡಿಂಗ್ ಹೌಸ್ ನೋಡಿಕೊಳ್ಳುತ್ತಿದ್ದರು. ದೊಡ್ಡವರನ್ನು ತಡೆಯಲು ನಿಮ್ಮಿಂದ ಆಗದಿರಬಹುದು, ಮಗಳನ್ನಾದರೂ ಹಿಡಿದಿಡಬಹುದಿತ್ತಲ್ಲ ಎಂದು ಆ ತಾಯಿಯ ಕೆಲಸ ಕಿತ್ತುಕೊಂಡರು. ಇದನ್ನೆಲ್ಲ ವಯಸ್ಸಾದ ಮೇಲೆ ಹ್ಯಾರಿಯೆಟ್ ತಾನೇ ಬರೆದಿಟ್ಟಿದ್ದಾಳೆ. ನಿಮ್ಮ ಲೇಖನದಲ್ಲಿ ಒಬ್ಬ ಕಾರ್ಮಿಕಳ ಹೆಸರೂ ಇಲ್ಲ.

ಇನ್ನೂ ಮುಖ್ಯವಾದದ್ದು ಮುಂದಿದೆ. ಆ ಮುಷ್ಕರದಲ್ಲಿ ಹುಡುಗಿಯರು 'ನಾವು ಗುಲಾಮರಾಗಲ್ಲ' ಎಂದು ಹಾಡುತ್ತಾ ಬೀದಿಗಿಳಿದಿದ್ದರು. ಅವರ ಗಿರಣಿಗೆ ಬರುತ್ತಿದ್ದ ಹತ್ತಿಯನ್ನು ಬಿಡಿಸಿದವರು ಯಾರು? ದಕ್ಷಿಣದ ಗುಲಾಮರೇ. ಆ ಗುಲಾಮರಿಗೆ ತೊಡಿಸುತ್ತಿದ್ದ ಒರಟು ಬಟ್ಟೆಗೆ 'ಲೋವೆಲ್' ಎಂದೇ ಹೆಸರಿತ್ತು. ಹತ್ತಿ ಬೆಳೆದ ನೆಲವಾದರೂ ಯಾರದು? ಅಲಬಾಮಾ, ಮಿಸಿಸಿಪ್ಪಿ ಕಡೆ ಅದು ಕ್ರೀಕ್, ಚಾಕ್ಟಾ, ಚಿಕಸಾ ಎಂಬ ಮೂಲನಿವಾಸಿ ಜನರದು. ನಿಮ್ಮ ಎರಡನೇ ಪುಟದಲ್ಲಿ 'ಮೂಲನಿವಾಸಿಗಳು ಪಶ್ಚಿಮಕ್ಕೆ ವಲಸೆ ಹೋದರು' ಎಂದಿದೆ. ತಾವಾಗಿ ಹೋಗಲಿಲ್ಲ ಸ್ವಾಮಿ. 1830ರಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಸಹಿ ಹಾಕಿದ ಕಾಯ್ದೆ ಇಟ್ಟುಕೊಂಡು ಅವರನ್ನು ಎಬ್ಬಿಸಿದರು. ಜಾರ್ಜಿಯಾ ರಾಜ್ಯದ ವಿರುದ್ಧ, ಅಲ್ಲಿನ ಮೂಲನಿವಾಸಿಗಳಾದ ಚೆರೋಕಿಗಳ ಪರವಾಗಿ 1832ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದರೂ ಅವರ ನೆಲ ಉಳಿಯಲಿಲ್ಲ. 1838ರಲ್ಲಿ ಸೈನಿಕರೇ ಬಂದು ಮನೆಗಳಿಂದ ಹೊರದಬ್ಬಿದರು. ಸುಮಾರು 4,000 ಚೆರೋಕಿಗಳು ಸತ್ತರೆಂದು ಅಂದಾಜು. ನಿಮ್ಮ ಮೂರೂ ಅಧ್ಯಾಯಗಳು ಲೋವೆಲ್‌ನ ಒಂದು ಅರಳೆ ಮೂಟೆಯಲ್ಲಿವೆ. ಅದನ್ನು ಬಿಚ್ಚಿ ತೋರಿಸಿದರೆ ಸಾಕು.

ಸುಧಾರಣೆಯ ಭಾಗದಲ್ಲಿ ಹೊಗಳಿಕೆ ಜಾಸ್ತಿ, ಜಗಳ ಕಡಿಮೆ. ಗಿರಣಿ ಕೆಲಸಗಾರ್ತಿ ಸಾರಾ ಬ್ಯಾಗ್ಲಿ ಮತ್ತು ಲೋವೆಲ್‌ನ ಇತರ ಹೆಂಗಸರು ದಿನಕ್ಕೆ ಹತ್ತೇ ಗಂಟೆ ಕೆಲಸ ಬೇಕೆಂದು ಅರ್ಜಿ ಹಾಕಿ, 1845ರಲ್ಲಿ ಶಾಸನಸಭೆಯ ಸಮಿತಿಯ ಮುಂದೆ ಸಾಕ್ಷಿ ಹೇಳಿದರು. ಇದು ನಾವು ಕೈಹಾಕುವ ವಿಷಯವಲ್ಲ ಎಂದಿತು ಸಮಿತಿ. ಹೆಂಗಸರು, ಮಕ್ಕಳಿಗೆ ಹತ್ತು ಗಂಟೆಯ ಕಾಯ್ದೆ ಮ್ಯಾಸಚೂಸೆಟ್ಸ್‌ನಲ್ಲಿ ಬಂದದ್ದು 1874ರಲ್ಲಿ. ಆ ಸೋಲು ನಿಮ್ಮ ಲೇಖನದಲ್ಲಿ ಇರಬೇಕು.

ಕೊನೆಯ ಪುಟಕ್ಕೆ ಬಸವಣ್ಣನವರನ್ನು ಎಳೆತಂದದ್ದು ಬೇಡ. ಕರ್ನಾಟಕ ಬರಲೇಬೇಕು ಎಂದಿದ್ದರೆ ನಿಜವಾದ ನಂಟೇ ಇದೆ. 1861ರಲ್ಲಿ ಅಂತರ್ಯುದ್ಧ ಶುರುವಾಗಿ ಅಮೆರಿಕದ ಹತ್ತಿ ನಿಂತಾಗ ಇಂಗ್ಲೆಂಡಿನ ಗಿರಣಿಗಳು ಭಾರತದ ಹತ್ತಿಗೆ ಕೈಚಾಚಿದವು, ಧಾರವಾಡದ ಸೀಮೆಯಲ್ಲೂ ಬೆಲೆ ಏರಿತು. ಅಲ್ಲಿ ಬೆಳೆಯುತ್ತಿದ್ದ 'ಧಾರವಾಡ-ಅಮೆರಿಕನ್' ಹತ್ತಿಯ ಬೀಜ ಮೂಲತಃ ನ್ಯೂ ಓರ್ಲಿಯನ್ಸ್‌ನದು. ಎರಡು ಸಾಲು ಸಾಕು, ಮತ್ತೊಂದು ಅಧ್ಯಾಯ ಮಾಡಬೇಡಿ.

'ಇತಿಹಾಸವು ಮಾನವಕುಲದ ಕನ್ನಡಿ' ಎಂದು ಶುರುವಾಗುವ ಮೊದಲ ಒಂದೂವರೆ ಪುಟ ಕಿತ್ತುಹಾಕಿ, ಯಾರಿಗೂ ನಷ್ಟವಿಲ್ಲ. ಕಿಟಕಿಯಿಂದಲೇ ಶುರು ಮಾಡಿ. 1,200 ಪದ ಮೀರದಿರಲಿ. ಹಾಗೇ, ಈ ಸಲ ಯೂನಿಕೋಡ್‌ನಲ್ಲೇ ಕಳಿಸಿ. ಹಳೆಯ ಫಾಂಟಿನಲ್ಲಿ ಬಂದದ್ದರಿಂದ ಅರ್ಧ ಒತ್ತಕ್ಷರ ಹಾರಿಹೋಗಿ, ಜಾಕ್ಸನ್ ಯಾರೆಂದು ಗೊತ್ತಾಗಲು ನಮ್ಮ ಆಫೀಸಿನಲ್ಲಿ ಪಂಚಾಯಿತಿ ಸೇರಬೇಕಾಯಿತು.

ಇತಿ,
ಸಂಪಾದಕ